ಸುಟ್ಟ ಸ್ವಿಚ್ ಬದಲಿಸುವ ಮೊದಲು: ಆಫೀಸಿನ ನೆಟ್‌ವರ್ಕಿಗೆ ಸಿಡಿಲು, ಹೈ ವೋಲ್ಟೇಜ್ ಬಂದ ದಾರಿ ಹುಡುಕುವುದು ಹೇಗೆ

ಮೇ ತಿಂಗಳಲ್ಲಿ ಅಡ್ಡಮಳೆ ಒಂದು ರಾತ್ರಿ ಗುಡುಗಿ ಹೋದರೆ, ಮರುದಿನ ಮುಂಜಾನೆ ಎಂಟಕ್ಕೇ ನನ್ನ ಫೋನ್ ಶುರುವಾಗುತ್ತದೆ. ಬಾಗಲಕೋಟೆಯ ನವನಗರದಲ್ಲಿದ್ದುಕೊಂಡು ಸುತ್ತಲಿನ ತಾಲೂಕುಗಳ ಆಫೀಸುಗಳಲ್ಲಿ ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಪತ್ತಿನ ಸಹಕಾರಿ ಸಂಘಗಳು, ಆಡಿಟರ್ ಆಫೀಸುಗಳು, ಶಾಲೆಗಳು, ಕಬ್ಬು ತೂಗುವ ಕಾಟಾಗಳು. ಎಲ್ಲ ಕಡೆಯಿಂದಲೂ ಒಂದೇ ಮಾತು: "ಅಣ್ಣಾರ, ರಾತ್ರಿ ಭಾಳ ಗುಡುಗಿತ್ರಿ. ಮುಂಜಾನೆ ಬಂದ್ ನೋಡಿದ್ರ ಒಂದೂ ಕಂಪ್ಯೂಟರ್ ನೆಟ್ ಹಿಡಿವಲ್ದ್ರಿ."

ಹಲವು ವರ್ಷಗಳ ಹಿಂದೆ ಜಮಖಂಡಿ ಕಡೆಯ ಒಂದು ಸಂಘದಿಂದ ಇದೇ ಫೋನ್ ಬಂತು. ಹೋಗಿ ನೋಡಿದೆ. 24 ಪೋರ್ಟಿನ ಸ್ವಿಚ್ (ನೆಟ್‌ವರ್ಕ್ ಕೇಬಲುಗಳೆಲ್ಲ ಬಂದು ಸೇರುವ ಡಬ್ಬಿ, ಒಂದೊಂದು ಕೇಬಲ್ ಹಾಕುವ ತೂತೇ ಪೋರ್ಟ್) ಸತ್ತಿತ್ತು. ಕೌಂಟರಿನಲ್ಲಿ ಹಣ ಕಟ್ಟುವವರು ಸಾಲಾಗಿ ನಿಂತಿದ್ದರು. ಮ್ಯಾನೇಜರ್ ಅವಸರ ಮಾಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹೊಸ ಸ್ವಿಚ್ ಹಾಕಿ, ಎಲ್ಲ ಚಾಲೂ ಮಾಡಿ ಬಂದೆ. ಹನ್ನೆರಡನೇ ದಿನಕ್ಕೆ ಮತ್ತೆ ಗುಡುಗು, ಮತ್ತೆ ಫೋನ್. ಹೊಸ ಸ್ವಿಚ್ ಕೂಡ ಸತ್ತಿತ್ತು. ಈ ಸಲ ಅದರ ಜೊತೆ ಎರಡು ಕಂಪ್ಯೂಟರ್ ಕೂಡ ಹೋಗಿದ್ದವು.

ಅವತ್ತು ಸ್ವಿಚ್ ಬಿಚ್ಚಿ ನೋಡಿದೆ. ಹದಿನೇಳನೇ ಪೋರ್ಟಿನ ಹಿಂದೆ ಕಪ್ಪು ಬಣ್ಣದ ಪುಟ್ಟ ಡಬ್ಬಿಯಂಥ ಬಿಡಿಭಾಗ ಇರುತ್ತದೆ. ಅದರ ಮೂಲೆಯಿಂದ ಎಳ್ಳಿನಷ್ಟು ಚೂರು ಸಿಡಿದಿತ್ತು. ಸುತ್ತ ಬೋರ್ಡಿನ ಮೇಲೆ ದೀಪದ ಕಾಡಿಗೆಯಂಥ ಮಸಿ. ಹಳೆಯ ಸ್ವಿಚ್ಚನ್ನೂ ತರಿಸಿ ಬಿಚ್ಚಿದೆ. ಅದೇ ಹದಿನೇಳನೇ ಪೋರ್ಟು, ಅದೇ ಮಸಿ. ಆ ಕೇಬಲ್ ಹಿಡಿದು ಹೊರಟರೆ ಗೋಡೆ ದಾಟಿ, ಅಂಗಳ ದಾಟಿ, ಗೇಟಿನ ಕಬ್ಬಿಣದ ಕಂಬದ ಮೇಲಿದ್ದ ಸಿಸಿಟಿವಿ ಕ್ಯಾಮೆರಾಕ್ಕೆ ಹೋಗಿ ನಿಂತಿತು. ಮೊದಲ ದಿನವೇ ಹತ್ತು ನಿಮಿಷ ಕೊಟ್ಟು ನೋಡಿದ್ದರೆ ಎರಡನೇ ನಷ್ಟ ಆಗುತ್ತಿರಲಿಲ್ಲ.

ಅದಕ್ಕೇ ಈಗ ನನ್ನ ಕ್ರಮ ಬದಲಾಗಿದೆ. ಮೊದಲು ಬಂದ ದಾರಿ ಹುಡುಕುವುದು, ಆಮೇಲೆ ಹೊಸ ಸಾಮಾನು. ನಿಮ್ಮ ಆಫೀಸಿನಲ್ಲೂ ಹೀಗೇ ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲ ಹತ್ತು ನಿಮಿಷ: ಏನನ್ನೂ ಆನ್ ಮಾಡಬೇಡಿ

ಮುಂಜಾನೆ ಆಫೀಸಿಗೆ ಬಂದಾಗ ಸುಟ್ಟ ವಾಸನೆ ಬಂದರೆ, ಅಥವಾ ರೌಟರ್, ಸ್ವಿಚ್ ಎರಡರಲ್ಲೂ ದೀಪ ಇಲ್ಲದಿದ್ದರೆ, ಮೇನ್ ಸ್ವಿಚ್ ಇಳಿಸಿ. ಯುಪಿಎಸ್ ಕೂಡ ಆಫ್ ಮಾಡಿ. ಮೇನ್ ಇಳಿಸಿದ ಮೇಲೂ ಯುಪಿಎಸ್ ತನ್ನ ಬ್ಯಾಟರಿಯಿಂದ 230 ವೋಲ್ಟ್ ಹೊರಗೆ ಕೊಡುತ್ತಲೇ ಇರುತ್ತದೆ. ಇದನ್ನು ಮರೆತು ವೈರಿಗೆ ಕೈ ಹಾಕುವವರನ್ನು ನೋಡಿದ್ದೇನೆ.

ಸಾಮಾನ್ಯವಾಗಿ ಆಗುವ ತಪ್ಪು ಏನು ಗೊತ್ತಾ? ಒಂದು ಅಡಾಪ್ಟರ್ ಸತ್ತಿದೆ ಅಂತ ಪಕ್ಕದ ಟೇಬಲಿನ ಚೆನ್ನಾಗಿರುವ ಅಡಾಪ್ಟರ್ ತಂದು ಅದೇ ಪ್ಲಗ್ಗಿಗೆ ಹಾಕುವುದು. ಆ ಪ್ಲಗ್ಗಿನಲ್ಲಿ ಇನ್ನೂ ಹೈ ವೋಲ್ಟೇಜ್ ಇದ್ದರೆ ಎರಡನೆಯದೂ ಹೋಗುತ್ತದೆ.

ಹಾಗಾಗಿ ಮೊದಲು ವೋಲ್ಟೇಜ್ ಅಳೆಯಬೇಕು. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ನೀವು ಪಕ್ಕದಲ್ಲಿ ನಿಂತು ಬರೆದುಕೊಳ್ಳಿ. ಕಂಪ್ಯೂಟರ್, ಯುಪಿಎಸ್, ನೆಟ್‌ವರ್ಕ್ ಸಾಮಾನುಗಳ ಪ್ಲಗ್ ಎಲ್ಲ ಕಿತ್ತಿಟ್ಟು ಮೇನ್ ಏರಿಸಿ, ಮೂರು ಅಳತೆ ತೆಗೆದುಕೊಳ್ಳಬೇಕು. ಫೇಸ್ (ಕರೆಂಟ್ ಬರುವ ತಂತಿ) ಮತ್ತು ನ್ಯೂಟ್ರಲ್ (ಅದು ಮರಳುವ ತಂತಿ) ನಡುವೆ 230 ವೋಲ್ಟಿನ ಆಸುಪಾಸು ಇರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಒಳಗಿದ್ದರೆ ಒಳ್ಳೆಯದು. ಅಲ್ಲಿ ಇಪ್ಪತ್ತು, ಮೂವತ್ತು, ಐವತ್ತು ವೋಲ್ಟ್ ಕಂಡರೆ ನ್ಯೂಟ್ರಲ್ ಅಥವಾ ಅರ್ಥಿಂಗ್ ಎಲ್ಲೋ ಬಿಟ್ಟುಕೊಂಡಿದೆ. ಅದು ಸರಿಯಾಗುವವರೆಗೆ ಒಂದು ಮೊಬೈಲ್ ಚಾರ್ಜರ್ ಕೂಡ ಹಾಕಬೇಡಿ.

ಮೂರು ಫೇಸ್ ಇರುವ ಆಫೀಸಾದರೆ ಮೂರನ್ನೂ ಬೇರೆ ಬೇರೆಯಾಗಿ, ಫ್ಯಾನು ಲೈಟು ಉರಿಯುತ್ತಿರುವಾಗಲೇ ಅಳೆಯಬೇಕು. ಒಂದು ಫೇಸಿನಲ್ಲಿ 150, ಇನ್ನೊಂದರಲ್ಲಿ 310 ಬಂದರೆ ನ್ಯೂಟ್ರಲ್ ಕಡಿದಿದೆ ಅಂತಲೇ ತಿಳಿಯಿರಿ. ಆಫೀಸಿನ ಒಂದು ಮೂಲೆಯಲ್ಲಿ ಬಲ್ಬ್ ಮಂಕಾಗಿ, ಇನ್ನೊಂದು ಮೂಲೆಯಲ್ಲಿ ಕಣ್ಣು ಕುಕ್ಕುವ ಹಾಗೆ ಉರಿಯುತ್ತಿದ್ದರೂ ಅದೇ ಗುರುತು. ತಕ್ಷಣ ಮೇನ್ ಇಳಿಸಿ.

ಸುಟ್ಟದ್ದನ್ನು ಎಸೆಯಬೇಡಿ, ಅದು ಸಾಕ್ಷಿ

ಈಗ ಒಂದು ಹಾಳೆ ತೆಗೆದುಕೊಳ್ಳಿ. ಯಾವ ಸಾಮಾನು ಸತ್ತಿದೆ, ಯಾವುದು ಬದುಕಿದೆ, ಯಾವ ಕೇಬಲ್ ಯಾವ ಪೋರ್ಟಿಗಿತ್ತು, ಎಲ್ಲ ಬರೆಯಿರಿ. ಕೇಬಲ್ ಕೀಳುವ ಮೊದಲೇ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆಯಿರಿ. ಆಮೇಲೆ ವಿಮೆಗೂ ಇದೇ ಬೇಕಾಗುತ್ತದೆ.

ಸತ್ತದ್ದರ ಪಟ್ಟಿ ನೋಡಿದರೆ ದಾರಿ ತಾನಾಗಿ ಕಾಣುತ್ತದೆ. ಸ್ವಿಚ್, ರೌಟರುಗಳ ಅಡಾಪ್ಟರ್ ಮಾತ್ರ ಸತ್ತು, ಬೇರೆ ಅಡಾಪ್ಟರ್ ಹಾಕಿದಾಗ ಎಲ್ಲ ಪೋರ್ಟುಗಳೂ ಕೆಲಸ ಮಾಡಿದರೆ ಹೊಡೆತ ಕರೆಂಟಿನ ದಾರಿಯಿಂದ ಬಂದಿದೆ. ಅಡಾಪ್ಟರ್ ಚೆನ್ನಾಗಿದ್ದು, ಸ್ವಿಚ್ಚಿನ ದೀಪವೂ ಉರಿಯುತ್ತಿದ್ದು, ಕೆಲವು ಪೋರ್ಟ್ ಮಾತ್ರ ಸತ್ತಿದ್ದರೆ ಅದು ನೆಟ್‌ವರ್ಕ್ ಕೇಬಲಿನಿಂದ ಬಂದದ್ದು. ಜಮಖಂಡಿಯ ಸಂಘದಲ್ಲಿ ಆದದ್ದು ಇದೇ. ಇವು ಬಿಟ್ಟು ಎಲ್ಇಡಿ ಬಲ್ಬು, ಟಿವಿ, ನೀರಿನ ಫಿಲ್ಟರು, ಮೊಬೈಲ್ ಚಾರ್ಜರು ಎಲ್ಲವೂ ಒಂದೇ ಸಲ ಹೋಗಿದ್ದರೆ, ಅದರಲ್ಲೂ ಮಳೆ ಗುಡುಗು ಏನೂ ಇಲ್ಲದ ದಿನ ಹೋಗಿದ್ದರೆ, ಅದು ಸಿಡಿಲಲ್ಲ. ನ್ಯೂಟ್ರಲ್ ಕಡಿದು ಹೈ ವೋಲ್ಟೇಜ್ ಬಂದದ್ದು.

ಒಂದು ಸತ್ತ ಅಡಾಪ್ಟರ್ ಬಿಚ್ಚಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅದಕ್ಕೂ ಮೊದಲು ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಬೇಕು, ಒಳಗೆ ಕರೆಂಟ್ ಉಳಿದಿರುತ್ತದೆ. ಒಳಗೊಂದು ಉರುಟು ಕೆಪಾಸಿಟರ್ ಇರುತ್ತದೆ. ಅದರ ಮೈಮೇಲೆ ಸಾಮಾನ್ಯವಾಗಿ 400 ವೋಲ್ಟ್ ಎಂದು ಬರೆದಿರುತ್ತದೆ. ನಮ್ಮ 230 ವೋಲ್ಟ್ ಕರೆಂಟಿನ ಅಲೆಯ ತುದಿ ಸುಮಾರು 325 ವೋಲ್ಟ್ ಇರುತ್ತದೆ, ಕೆಪಾಸಿಟರ್ ಅದನ್ನು ಆರಾಮವಾಗಿ ತಡೆಯುತ್ತದೆ. ಲೈನಿನಲ್ಲಿ 310 ಬಂತು ಅಂದರೆ ತುದಿ 435 ದಾಟುತ್ತದೆ. ಆಗ ಅದರ ತಲೆ ಉಬ್ಬಿ ಒಡೆದು ಒಳಗಿನ ರಸ, ಕಾಗದ ಹೊರಬರುತ್ತದೆ. ಮೀನು ಕೊಳೆತ ಹಾಗೆ ಒಂದು ವಾಸನೆ. ತಲೆ ಒಡೆದ ಕೆಪಾಸಿಟರ್ ನಾಲ್ಕೈದು ಸಾಮಾನುಗಳಲ್ಲಿ ಕಂಡರೆ ಅದು ಬಹುಮಟ್ಟಿಗೆ ಹೈ ವೋಲ್ಟೇಜಿನ ಕೆಲಸ. ಸಿಡಿಲಿನ ಗುರುತು ಬೇರೆ ತರಹ. ಚೂರು ಸಿಡಿದಿರುತ್ತದೆ, ಬೋರ್ಡಿನ ತಾಮ್ರದ ಗೆರೆ ಹಾರಿಹೋಗಿರುತ್ತದೆ, ಮಸಿ ಹಿಡಿದಿರುತ್ತದೆ.

ಒಂದೊಂದಾಗಿ ಎಬ್ಬಿಸಿ

ವೋಲ್ಟೇಜ್ ಸರಿ ಇದೆ ಅಂತ ಖಾತ್ರಿಯಾದ ಮೇಲೆ ಸಾಮಾನುಗಳನ್ನು ಒಂದೊಂದಾಗಿ, ನೆಟ್‌ವರ್ಕ್ ಕೇಬಲ್ ಇಲ್ಲದೆ, ಆನ್ ಮಾಡಿ. ಮೊದಲು ಇಂಟರ್ನೆಟ್ ಕಂಪನಿಯವರ ಫೈಬರ್ ಡಬ್ಬಿ, ಆಮೇಲೆ ರೌಟರ್, ಆಮೇಲೆ ಸ್ವಿಚ್. ಎಲ್ಲಿಯೂ ಕೇಬಲ್ ಹಾಕದಿದ್ದರೂ ಸ್ವಿಚ್ಚಿನ ಯಾವುದಾದರೂ ಪೋರ್ಟಿನ ದೀಪ ಉರಿಯುತ್ತಿದ್ದರೆ ಆ ಪೋರ್ಟು ಕೆಟ್ಟಿದೆ.

ಆಮೇಲೆ ಒಂದು ಲ್ಯಾಪ್‌ಟಾಪ್ ಹಿಡಿದು ಪ್ರತಿ ಪೋರ್ಟಿಗೂ ಹಾಕಿ ನೋಡಿ. ದೀಪ ಬಂತು ಅಂತ ಮುಂದೆ ಹೋಗಬೇಡಿ, ಸ್ಪೀಡ್ ಎಷ್ಟು ತೋರಿಸುತ್ತದೆ ನೋಡಿ. 1000 ಬರಬೇಕಾದ ಕಡೆ 100 ಬಂದರೆ ಸಂಶಯ ಪಡಿ. ಗಿಗಾಬಿಟ್ ಸ್ಪೀಡಿಗೆ ಕೇಬಲಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಜೋಡಿ ಸಾಕು. ಅಂದರೆ ಪೋರ್ಟಿನ ಅರ್ಧ ಸತ್ತು ಅರ್ಧ ಬದುಕಿರಬಹುದು. ಅದೇ ಕೇಬಲನ್ನು ಚೆನ್ನಾಗಿರುವ ಪೋರ್ಟಿಗೆ ಹಾಕಿ ನೋಡಿದರೆ ತಪ್ಪು ಕೇಬಲಿನದೋ ಪೋರ್ಟಿನದೋ ತಿಳಿಯುತ್ತದೆ.

ಐದಾರು ಪೋರ್ಟ್ ಸತ್ತ ಸ್ವಿಚ್ಚನ್ನು "ಉಳಿದವು ನಡೀತಾವಲ್ಲ" ಅಂತ ಹಾಗೇ ಇಟ್ಟುಕೊಳ್ಳಬೇಡಿ. ಹೊಡೆತ ತಿಂದ ಸ್ವಿಚ್ ವಾರಕ್ಕೊಮ್ಮೆ ತಾನೇ ಹ್ಯಾಂಗ್ ಆಗುತ್ತದೆ. ಕೌಂಟರಿನಲ್ಲಿ ಎಂಟ್ರಿ ಅರ್ಧಕ್ಕೆ ನಿಂತಾಗ ಆಗುವ ತೊಂದರೆ ಆ ಸ್ವಿಚ್ಚಿನ ಬೆಲೆಗಿಂತ ಜಾಸ್ತಿ.

ಕಂಪ್ಯೂಟರಿನದು ಬೇರೆ ಲೆಕ್ಕ. ಮದರ್‌ಬೋರ್ಡಿನ ನೆಟ್‌ವರ್ಕ್ ಪೋರ್ಟ್ ಮಾತ್ರ ಹೋಗಿ ಉಳಿದದ್ದೆಲ್ಲ ಚೆನ್ನಾಗಿದ್ದರೆ, ಕೆಲವು ನೂರು ರೂಪಾಯಿಯ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಹಾಕಿ ಆವತ್ತಿನ ಕೆಲಸ ನಡೆಸಬಹುದು. ಆದರೆ ಆ ಕಂಪ್ಯೂಟರಿನಲ್ಲಿರುವ ಲೆಕ್ಕಪತ್ರವನ್ನು ಅವತ್ತೇ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಸರ್ವರ್ ಎದ್ದಿತು ಅಂದರೂ ಮೊದಲ ಕೆಲಸ ಬ್ಯಾಕಪ್. ಏಳಲೇ ಇಲ್ಲ ಅಂದರೆ ಮೇಲಿಂದ ಮೇಲೆ ಆನ್ ಆಫ್ ಮಾಡಬೇಡಿ. ಡಿಸ್ಕ್ ಬಿಚ್ಚಿ ಬೇರೆ ಮಷಿನ್ನಿಗೆ ಹಾಕಿ ಡೇಟಾ ತೆಗೆಯುವವರನ್ನು ಕರೆಯಿರಿ.

ಸ್ಪೈಕ್ ಬೇರೆ, ಹೈ ವೋಲ್ಟೇಜ್ ಬೇರೆ

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಅಂಗಡಿಯಲ್ಲಿ ಎರಡಕ್ಕೂ "ಸ್ಪೈಕ್ ಗಾರ್ಡ್ ಹಾಕ್ರಿ" ಅಂತಲೇ ಹೇಳಿ ಕಳಿಸುತ್ತಾರೆ.

ಸಿಡಿಲಿನ ಸ್ಪೈಕ್ ಸಾವಿರಾರು ವೋಲ್ಟ್ ಇರುತ್ತದೆ, ಆದರೆ ಸೆಕೆಂಡಿನ ಲಕ್ಷದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲೇ ಅದರ ಕೆಲಸ ಮುಗಿಯುತ್ತದೆ. ನ್ಯೂಟ್ರಲ್ ಕಡಿದಾಗ ಬರುವುದು 300, 350, ಕೆಟ್ಟದ್ದೆಂದರೆ 400 ವೋಲ್ಟ್. ಆದರೆ ಅದು ಲೈನ್‌ಮನ್ ಬಂದು ಸರಿ ಮಾಡುವವರೆಗೂ ಇರುತ್ತದೆ.

ಸ್ಪೈಕ್ ಗಾರ್ಡಿನ ಒಳಗೆ ಬಟಾಣಿ ಒತ್ತಿ ಚಪ್ಪಟೆ ಮಾಡಿದಂಥ ನೀಲಿಯದೋ ಹಳದಿಯದೋ ಬಿಲ್ಲೆ ಇರುತ್ತದೆ. ಅದೇ ಎಂಒವಿ. ವೋಲ್ಟೇಜ್ ಒಂದು ಮಿತಿ ದಾಟಿದಾಗ ಅದು ಹೆಚ್ಚಿನದನ್ನು ತನ್ನ ಮೂಲಕ ಹರಿಸಿಬಿಡುತ್ತದೆ. ಸಣ್ಣ ಸ್ಪೈಕಿಗೆ ಒಳ್ಳೆಯ ಉಪಾಯ. ಪ್ರತಿ ಹೊಡೆತಕ್ಕೂ ಅದು ಸ್ವಲ್ಪ ಸ್ವಲ್ಪ ಸವೆಯುತ್ತದೆ. ಐದು ವರ್ಷದ ಹಳೆಯ ಎಕ್ಸ್‌ಟೆನ್ಷನ್ ಬಾಕ್ಸಿನ ಕೆಂಪು ದೀಪ ಉರಿಯುತ್ತಿದ್ದರೂ ಒಳಗಿನ ಬಿಲ್ಲೆ ಎಂದೋ ಸತ್ತಿರಬಹುದು. ಇನ್ನು ನಿಮಿಷಗಟ್ಟಲೆ 350 ವೋಲ್ಟ್ ಬಂದರೆ ಆ ಬಿಲ್ಲೆ ಕಾದು ತಾನೇ ಸುಡುತ್ತದೆ. ಹೈ ವೋಲ್ಟೇಜಿಗೆ ಸ್ಪೈಕ್ ಗಾರ್ಡ್ ಮದ್ದಲ್ಲ.

ಹಾಗಾಗಿ ಮೇನ್ ಬೋರ್ಡಿನಲ್ಲಿ ಎರಡು ಸಾಮಾನು ಬೇಕು. ಒಂದು, ಓವರ್ ವೋಲ್ಟೇಜ್ ಕಟಾಫ್. ಎಂಸಿಬಿ ಪಕ್ಕದಲ್ಲೇ ಕೂರುವ ಸಣ್ಣ ಡಬ್ಬಿ. ವೋಲ್ಟೇಜ್ 270ರ ಹತ್ತಿರ ಹೋದರೆ ಲೈನ್ ಕಡಿಯುತ್ತದೆ. ಸರಿಯಾದ ಮೇಲೆ, ನಾವು ಇಟ್ಟಷ್ಟು ಹೊತ್ತು ಕಾದು ತಾನೇ ಕೂಡಿಸುತ್ತದೆ. ಆ ಹೊತ್ತನ್ನು ಎರಡು ಮೂರು ನಿಮಿಷಕ್ಕೆ ಇಡಿ. ಕರೆಂಟ್ ಹೋಗಿ ಬರುವ ಮೊದಲ ನಿಮಿಷದಲ್ಲಿ ಏರಿಳಿತ ಜಾಸ್ತಿ. ಬನಹಟ್ಟಿಯಂಥ ಮಗ್ಗದ ಊರಲ್ಲಿ ಕರೆಂಟ್ ಬಂದ ಕೂಡಲೇ ಓಣಿಯ ಮೋಟರುಗಳೆಲ್ಲ ಒಟ್ಟಿಗೇ ತಿರುಗಲು ಶುರು ಮಾಡುತ್ತವೆ. ಅದೆಲ್ಲ ಒಂದು ಹದಕ್ಕೆ ಬಂದ ಮೇಲೆ ನಮ್ಮ ಸ್ವಿಚ್ಚಿಗೆ ಕರೆಂಟ್ ಸಿಕ್ಕರೆ ಸಾಕು.

ಎರಡನೆಯದು ಎಸ್‌ಪಿಡಿ. ಅಂದರೆ ಸರ್ಜ್ ಪ್ರೊಟೆಕ್ಷನ್ ಡಿವೈಸ್. ಇದು ಸಿಡಿಲಿನ ಸ್ಪೈಕಿಗೆ, ಹೊಡೆತವನ್ನು ಅರ್ಥಿಗೆ ಹರಿಸುತ್ತದೆ. ಕಟ್ಟಡದ ಮೇಲೆ ಮಿಂಚುರಕ್ಷಕ ಕೋಲು ಇದ್ದರೆ ಟೈಪ್ 1, ಇಲ್ಲದ ಮಾಮೂಲಿ ಆಫೀಸಿಗೆ ಟೈಪ್ 2. ಅದರ ಮುಖದ ಮೇಲೆ ಒಂದು ಪುಟ್ಟ ಕಿಟಕಿ ಇರುತ್ತದೆ. ಹಸಿರಿದ್ದರೆ ಬದುಕಿದೆ, ಕೆಂಪಾದರೆ ಕಾರ್ಟ್ರಿಜ್ ಬದಲಿಸಬೇಕು. ಎಲೆಕ್ಟ್ರಿಷಿಯನ್ನರಿಗೆ ಒಂದು ಮಾತು ಒತ್ತಿ ಹೇಳಿ: ಎಸ್‌ಪಿಡಿಗೆ ಹೋಗುವ ವೈರು, ಅಲ್ಲಿಂದ ಅರ್ಥ್ ಪಟ್ಟಿಗೆ ಹೋಗುವ ವೈರು, ಎರಡೂ ಸೇರಿ ಅರ್ಧ ಮೀಟರ್ ಮೀರಬಾರದು. ಚೆನ್ನಾಗಿ ಕಾಣಲಿ ಅಂತ ವೈರನ್ನು ಸುರುಳಿ ಸುತ್ತಿ ಕಟ್ಟುತ್ತಾರೆ. ಸಿಡಿಲಿನಂಥ ವೇಗದ ಹೊಡೆತಕ್ಕೆ ನೇರವಾದ ಒಂದು ಮೀಟರ್ ವೈರೇ ದೊಡ್ಡ ತಡೆ, ಸುರುಳಿಯಂತೂ ಗೋಡೆಯಿದ್ದ ಹಾಗೆ. ಎಸ್‌ಪಿಡಿ ಹಾಕಿಯೂ ಸಾಮಾನು ಸುಟ್ಟ ಎಷ್ಟೋ ಕಡೆ ನಾನು ಕಂಡದ್ದು ಇದೇ ಉದ್ದದ ವೈರು.

ಅರ್ಥಿಂಗ್: ಬಲ್ಬ್ ಉರಿದರೆ ಸಾಲದು

ನಮ್ಮ ಭಾಗದಲ್ಲಿ ಅರ್ಥಿಂಗ್ ನೋಡುವ ರೂಢಿ ಏನು? ಫೇಸಿಗೂ ಅರ್ಥಿಗೂ ನೂರು ವ್ಯಾಟಿನ ಬಲ್ಬ್ ಹಿಡಿಯುವುದು. ಬಲ್ಬ್ ಚೆನ್ನಾಗಿ ಉರಿದರೆ "ಅರ್ಥ್ ಭಾರೀ ಐತ್ರಿ" ಅನ್ನುವುದು. ಲೆಕ್ಕ ಹಾಕಿ ನೋಡೋಣ. ನೂರು ವ್ಯಾಟಿನ ಬಲ್ಬ್ ಎಳೆಯುವುದು ಅರ್ಧ ಆಂಪಿಯರಿಗಿಂತ ಕಡಿಮೆ. ಅರ್ಥಿಂಗ್ 20 ಓಮ್ ಇದ್ದರೂ ಅಲ್ಲಿ ಕಳೆದುಹೋಗುವುದು ಒಂಬತ್ತು ವೋಲ್ಟ್ ಅಷ್ಟೇ. ಬಲ್ಬಿನ ಬೆಳಕಿನಲ್ಲಿ ಅದು ಕಣ್ಣಿಗೆ ಕಾಣುವುದೇ ಇಲ್ಲ. ಮೇಲಾಗಿ ಅರ್ಥ್ ಎಲ್ಲೋ ಕಡಿದಿದ್ದರೆ, ಹಾಗೆ ಬಲ್ಬ್ ಹಿಡಿದಾಗ ಆಫೀಸಿನ ಕಬ್ಬಿಣದ ಮೈಗಳಿಗೆಲ್ಲ ಕರೆಂಟ್ ಬರಬಹುದು. ಈ ರೂಢಿ ಬಿಡಿ. ಅರ್ಥ್ ಟೆಸ್ಟರ್ ಇರುವ ಎಲೆಕ್ಟ್ರಿಷಿಯನ್ನರಿಂದ ವರ್ಷಕ್ಕೊಮ್ಮೆ ಅಳೆಸಿ. ನನ್ನ ಗಿರಾಕಿಗಳಿಗೆ ನಾನು ಹೇಳುವುದು 5 ಓಮ್ ಮೀರಬಾರದು, 2ರ ಒಳಗಿದ್ದರೆ ಬಹಳ ಒಳ್ಳೆಯದು ಅಂತ.

ಬಾಗಲಕೋಟೆ, ವಿಜಯಪುರದ ಎರೆಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಹಸಿ ಹಿಡಿದು ಪೈಪಿಗೆ ಅಂಟಿಕೊಂಡಿರುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಆಗ ಅರ್ಥ್ ಪೈಪಿನ ಸುತ್ತಲಿನ ಮಣ್ಣೂ ಪೈಪಿನಿಂದ ಬಿಟ್ಟುಕೊಳ್ಳುತ್ತದೆ. ಮೊದಲ ಗುಡುಗು ಬರುವುದೂ ಅದೇ ಹೊತ್ತಿಗೆ, ಏಪ್ರಿಲ್, ಮೇ ತಿಂಗಳಲ್ಲಿ. ಅರ್ಥಿಂಗ್ ಅಳೆಯಲು ಸರಿಯಾದ ಕಾಲ ಅದೇ. ಆಗಸ್ಟಿನಲ್ಲಿ ಅಳೆದು "ಬರೋಬರಿ ಐತಿ" ಅಂದರೆ ಉಪಯೋಗವಿಲ್ಲ.

ಗುಂಡಿಗೆ ಇದ್ದಿಲು, ಉಪ್ಪು ಹಾಕುವುದು ಹಳೆಯ ಪದ್ಧತಿ. ನಡೆಯುತ್ತದೆ, ಆದರೆ ಉಪ್ಪು ಕಬ್ಬಿಣದ ಪೈಪನ್ನು ತಿನ್ನುತ್ತದೆ. ಹತ್ತು ವರ್ಷದ ಹಳೆಯ ಗುಂಡಿ ಅಗೆದರೆ ಮೇಲೆ ಪೈಪು, ಕೆಳಗೆ ಬರೀ ತುಕ್ಕಿನ ಪುಡಿ ಸಿಕ್ಕಿದ್ದಿದೆ. ಹೊಸದಾಗಿ ಹಾಕಿಸುವಾಗ ತಾಮ್ರ ಲೇಪದ ರಾಡು, ಸುತ್ತ ಬೆಂಟೋನೈಟ್ ಜೇಡಿ ಹಾಕಿಸಿದರೆ ಹಸಿ ಹೆಚ್ಚು ದಿನ ಉಳಿಯುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಇದರಿಂದ ಆದಷ್ಟು ನಷ್ಟ ಬೇರೆ ಯಾವುದರಿಂದಲೂ ಆಗಿಲ್ಲ ಅನಿಸುತ್ತದೆ. "ಸರ್ವರಿಗೆ ಬೇರೆಯೇ ಅರ್ಥಿಂಗ್ ಮಾಡಿಸಿದ್ದೇವೆ, ಬಿಲ್ಡಿಂಗಿನದಕ್ಕೂ ಅದಕ್ಕೂ ಸಂಬಂಧವಿಲ್ಲ" ಎಂದು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ಸಿಡಿಲಿನ 20,000 ಆಂಪಿಯರ್ ಒಂದು ಅರ್ಥ್ ಗುಂಡಿಗೆ ಇಳಿಯಿತು ಅನ್ನಿ. ಗುಂಡಿ 2 ಓಮ್ ಇದ್ದರೂ ಆ ಕ್ಷಣ ಆ ಅರ್ಥ್ 40,000 ವೋಲ್ಟಿಗೆ ಏರುತ್ತದೆ. ಬೇರೆಯಾಗಿರುವ ಗುಂಡಿ ಅಷ್ಟು ಏರುವುದಿಲ್ಲ. ಎರಡಕ್ಕೂ ತಾಗಿಕೊಂಡಿರುವುದು ನಿಮ್ಮ ನೆಟ್‌ವರ್ಕ್ ಕೇಬಲ್. ನೆಟ್‌ವರ್ಕ್ ಪೋರ್ಟುಗಳ ನಿರೋಧ ತಡೆಯಬೇಕೆಂದು ಇಟ್ಟ ಗುಣಮಟ್ಟ 1,500 ವೋಲ್ಟ್. ಉಳಿದದ್ದು ನೀವೇ ಊಹಿಸಬಹುದು. ಹೊಳೆಗೆ ನೀರು ಬಂದಾಗ ಒಂದೇ ದೋಣಿಯಲ್ಲಿ ಕೂತವರು ಒಟ್ಟಿಗೇ ಮೇಲೇರುತ್ತಾರೆ, ಏನೂ ಆಗುವುದಿಲ್ಲ. ಒಂದು ಕಾಲು ದೋಣಿಯಲ್ಲಿ, ಇನ್ನೊಂದು ದಂಡೆಯ ಮೇಲೆ ಇಟ್ಟವರಿಗೇ ಅಪಾಯ. ಗುಂಡಿ ಎಷ್ಟಾದರೂ ಇರಲಿ, ಎಲ್ಲವನ್ನೂ ದಪ್ಪ ತಾಮ್ರದ ಅಥವಾ ಜಿಐ (ಸತು ಲೇಪದ ಕಬ್ಬಿಣ) ಪಟ್ಟಿಯಿಂದ ಒಂದಕ್ಕೊಂದು ಕೂಡಿಸಲೇಬೇಕು. ನೆಟ್‌ವರ್ಕ್ ರ‍್ಯಾಕಿನ (ಸ್ವಿಚ್, ರೌಟರ್ ಇಡುವ ಕಬ್ಬಿಣದ ಕಪಾಟಿನ) ಮೈ, ಮಾಳಿಗೆಯ ಮೇಲಿನ ವೈಫೈ ಕಂಬ, ಎಸ್‌ಪಿಡಿ, ಎಲ್ಲವೂ ಅದೇ ಪಟ್ಟಿಗೆ ಬರಬೇಕು.

ಹೊರಗಿನಿಂದ ಬರುವ ಪ್ರತಿ ಕೇಬಲನ್ನೂ ಎಣಿಸಿ

ಆಫೀಸಿನ ಸುತ್ತ ಒಂದು ಸುತ್ತು ಹಾಕಿ. ಗೋಡೆ ತೂರಿ ಒಳಗೆ ಬರುವ ತಾಮ್ರದ ತಂತಿಗಳನ್ನು ಎಣಿಸಿ. ಗೇಟಿನ ಕ್ಯಾಮೆರಾ, ಮಾಳಿಗೆ ಮೇಲಿನ ರೇಡಿಯೋ ಡಿಶ್, ಪಕ್ಕದ ಗೋದಾಮಿಗೆ ಎಳೆದ ಕೇಬಲ್, ಕಾಟಾದ ಕೋಣೆಯಿಂದ ಬಂದ ಕೇಬಲ್. ಸಿಡಿಲು ನೇರವಾಗಿ ಬಡಿಯಬೇಕಂತಲೇ ಇಲ್ಲ. ಹತ್ತಿರದ ಹೊಲದ ಬೇವಿನ ಮರಕ್ಕೆ ಬಡಿದರೂ ಅರವತ್ತು ಮೀಟರಿನ ಕೇಬಲ್ ಅದರ ಏಟನ್ನು ಹಿಡಿದು ಒಳಗೆ ತರುತ್ತದೆ.

ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆಯಬೇಡಿ. ಫೈಬರ್ ಎಳೆಯಿರಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕಿನ ಸಂಕೇತವನ್ನು ತಾಮ್ರದ ಕೇಬಲಿಗೆ ಬದಲಿಸುವ ಡಬ್ಬಿ) ಹಾಕಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಒಂದು ಎಚ್ಚರ ಬೇಕು. ಕಂಬದಿಂದ ಬರುವ ಫೈಬರಿನ ಜೊತೆ ಎಳೆತ ತಡೆಯಲು ಒಂದು ಉಕ್ಕಿನ ತಂತಿ ಅಂಟಿಕೊಂಡಿರುತ್ತದೆ. ಅದನ್ನು ಹೊರಗಿನ ಕೊಕ್ಕೆಗೇ ಕಟ್ಟಿ ಕತ್ತರಿಸಬೇಕು. ರ‍್ಯಾಕಿನವರೆಗೂ ಎಳೆದು ತಂದರೆ ಫೈಬರ್ ಹಾಕಿದ್ದು ವ್ಯರ್ಥ.

ಕ್ಯಾಮೆರಾಗಳಿಗೆ ಕರೆಂಟ್ ಕೂಡ ಅದೇ ನೆಟ್‌ವರ್ಕ್ ಕೇಬಲಿನಲ್ಲಿ ಹೋಗುವುದರಿಂದ ಅಲ್ಲಿ ಪೂರ್ತಿ ಫೈಬರ್ ಕಷ್ಟ. ಅದಕ್ಕೆ ನಾನು ಹೀಗೆ ಮಾಡುತ್ತೇನೆ. ಹೊರಗಿನ ಕ್ಯಾಮೆರಾಗಳಿಗೆಲ್ಲ ಒಂದು ಸಣ್ಣ ಪಿಒಇ ಸ್ವಿಚ್ (ಕೇಬಲಿನಲ್ಲೇ ಕರೆಂಟೂ ಕೊಡುವ ಸ್ವಿಚ್) ಬೇರೆ ಇಡುತ್ತೇನೆ. ರೆಕಾರ್ಡರ್ ಕೂಡ ಅದರ ಕಡೆಗೇ. ಆ ಸ್ವಿಚ್ಚಿನಿಂದ ಆಫೀಸಿನ ಮುಖ್ಯ ಸ್ವಿಚ್ಚಿಗೆ ಒಂದೆರಡು ಮೀಟರಿನ ಫೈಬರ್ ಕೊಂಡಿ. ಹೊಡೆತ ಬಂದರೂ ಅದು ಕೌಂಟರಿನ ಕಂಪ್ಯೂಟರುಗಳ ಕಡೆಗೆ ನೆಟ್‌ವರ್ಕ್ ಕೇಬಲ್ ಹಿಡಿದು ದಾಟುವುದಿಲ್ಲ. ಜೊತೆಗೆ ಹೊರಗಿನ ಕೇಬಲ್ ಗೋಡೆ ತೂರುವ ಜಾಗದಲ್ಲೇ ಪಿಒಇಗೆ ಒಗ್ಗುವ ನೆಟ್‌ವರ್ಕ್ ಸರ್ಜ್ ಪ್ರೊಟೆಕ್ಟರ್ ಹಾಕಿ, ಅದರ ಹಸಿರು ವೈರನ್ನು ಅರ್ಥ್ ಪಟ್ಟಿಗೆ ಕೂಡಿಸಿ. ಆ ಹಸಿರು ವೈರು ಸುಮ್ನೆ ಗಾಳಿಯಲ್ಲಿ ತೂಗಾಡುತ್ತಿರುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ಹಾಗಿದ್ದರೆ ಆ ಸಾಮಾನು ಇದ್ದೂ ಇಲ್ಲದ ಹಾಗೆ.

ಯುಪಿಎಸ್ ಇದೆಯಲ್ಲ ಅಂತ ಧೈರ್ಯವಾಗಿರಬೇಡಿ. ಸಣ್ಣ ಆಫೀಸುಗಳಲ್ಲಿರುವ ಯುಪಿಎಸ್‌ಗಳು ಕರೆಂಟ್ ಇರುವಾಗ ಅದನ್ನೇ ನೇರವಾಗಿ ಮುಂದಕ್ಕೆ ಬಿಡುತ್ತವೆ. ಆನ್‌ಲೈನ್ ಯುಪಿಎಸ್ (ಕರೆಂಟನ್ನು ಯಾವಾಗಲೂ ತಾನೇ ಹೊಸದಾಗಿ ಮಾಡಿ ಕೊಡುವಂಥದ್ದು) ವಾಸಿ, ಸರ್ವರ್ ಮತ್ತು ರ‍್ಯಾಕಿಗೆ ಅದನ್ನೇ ಕೊಡಿ. ನೆಟ್‌ವರ್ಕ್ ಕೇಬಲಿನಿಂದ ಬರುವುದನ್ನು ಮಾತ್ರ ಮಾಮೂಲಿ ಯುಪಿಎಸ್ ತಡೆಯದು.

ದೂರು, ವಿಮೆ

ನ್ಯೂಟ್ರಲ್ ತೊಂದರೆ ಅಂತ ಗೊತ್ತಾದರೆ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದುಕೊಳ್ಳಿ. ಆಮೇಲೆ ಹೆಸ್ಕಾಂ ಶಾಖಾ ಕಚೇರಿಗೆ ಒಂದು ಅರ್ಜಿ ಬರೆದು ಕೊಟ್ಟು, ಸ್ವೀಕರಿಸಿದ ಸಹಿ ತೆಗೆದುಕೊಳ್ಳಿ. ಅಳೆದ ವೋಲ್ಟೇಜ್, ಹೊತ್ತು, ಮೀಟರಿನ ಆರ್‌ಆರ್ ನಂಬರ್ ಮೂರೂ ಅದರಲ್ಲಿರಲಿ. ಅಕ್ಕಪಕ್ಕದ ಅಂಗಡಿಯವರದ್ದೂ ಹೋಗಿದ್ದರೆ ಅವರ ಸಹಿಯೂ ಇರಲಿ. ಟಿಸಿಯಲ್ಲೋ (ಟ್ರಾನ್ಸ್‌ಫಾರ್ಮರ್) ಕಂಬದಲ್ಲೋ ಜೋಡಣೆ ಸಡಿಲಾಗಿದ್ದರೆ ಬೇಗ ನೋಡುತ್ತಾರೆ.

ವಿಮೆಯ ಬಗ್ಗೆ ಬಹಳ ಜನ ಮೋಸ ಹೋಗುತ್ತಾರೆ. ಮಾಮೂಲಿ ಬೆಂಕಿ ವಿಮೆಯಲ್ಲಿ ಸಿಡಿಲು ಸೇರಿದೆ ಎಂದು ಬರೆದಿರುತ್ತದೆ. ಅದೇ ಪಾಲಿಸಿಯ ಒಳಪುಟಗಳಲ್ಲಿ ಅತಿ ವೋಲ್ಟೇಜ್, ಶಾರ್ಟ್ ಸರ್ಕ್ಯೂಟಿನಿಂದ ಆ ಯಂತ್ರಕ್ಕೇ ಆದ ಹಾನಿಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಸ್ವಿಚ್, ಸರ್ವರುಗಳಿಗೆ ಬೇಕಾದದ್ದು ಎಲೆಕ್ಟ್ರಾನಿಕ್ ಉಪಕರಣ ವಿಮೆ, ಅದು ಬೇರೆಯೇ ಪಾಲಿಸಿ. ನಿಮ್ಮಲ್ಲಿ ಅದಿದೆಯೇ ಎಂದು ಏಜೆಂಟರನ್ನು ಇವತ್ತೇ ಕೇಳಿ. ಇದ್ದರೆ, ಸಾಮಾನು ಸುಟ್ಟ ದಿನವೇ ಕಂಪನಿಗೆ ತಿಳಿಸಿ. ಸರ್ವೇಯರ್ ಬಂದು ನೋಡುವವರೆಗೆ ಸುಟ್ಟ ಸ್ವಿಚ್ ಗುಜರಿಗೆ ಹೋಗಬಾರದು.

ಗುಡುಗಿನ ದಿನ

ದಾಮಿನಿ ಅನ್ನುವ ಮೊಬೈಲ್ ಆ್ಯಪ್ ಇದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ್ದು. ಸುತ್ತಮುತ್ತ ಸಿಡಿಲು ಬೀಳುತ್ತಿದ್ದರೆ ತೋರಿಸುತ್ತದೆ. ಅದಿಲ್ಲದಿದ್ದರೆ ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೋಡ ಇನ್ನೂ ದೂರ ಇರುವಾಗಲೇ ರ‍್ಯಾಕಿನ ಪ್ಲಗ್ ಕಿತ್ತಿಡಿ, ಹೊರಗಿನ ಕೇಬಲುಗಳನ್ನೂ ಕಿತ್ತಿಡಿ. ಅವಕ್ಕೆ ಕೆಂಪು ಟೇಪ್ ಸುತ್ತಿಟ್ಟರೆ ಸಿಪಾಯಿಗೂ ಯಾವುದು ಅಂತ ತಿಳಿಯುತ್ತದೆ. ಎಣಿಕೆ ಮೂವತ್ತರ ಒಳಗೆ ಬಂತು ಅಂದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಆಗ ಕೇಬಲಿಗೆ ಕೈ ಹಾಕಬೇಡಿ. ಸ್ವಿಚ್ ಹೋದರೆ ಹೋಗಲಿ, ಜೀವಕ್ಕಿಂತ ದೊಡ್ಡದಲ್ಲ. ಸಂಜೆ ಆಫೀಸ್ ಮುಚ್ಚುವಾಗ ಏಪ್ರಿಲಿನಿಂದ ಜೂನ್ ತನಕ, ಮತ್ತೆ ಹಿಂಗಾರಿನ ಹೊತ್ತಿಗೆ, ದಿನವೂ ಹೀಗೆ ಕಿತ್ತಿಡುವ ಅಭ್ಯಾಸ ಮಾಡಿಕೊಂಡರೆ ಎಲ್ಲಕ್ಕಿಂತ ಅಗ್ಗ.

ರೌಟರಿನ ಸೆಟ್ಟಿಂಗ್, ಇಂಟರ್ನೆಟ್ಟಿನ ಯೂಸರ್ ನೇಮ್, ಯಾವ ಪೋರ್ಟಿಗೆ ಯಾವ ಕೇಬಲ್ ಅನ್ನುವ ಪಟ್ಟಿ, ಇವನ್ನು ಕಾಗದದ ಮೇಲೆ ಬರೆದು ತಿಜೋರಿಯಲ್ಲಿಡಿ. ಸತ್ತ ರೌಟರಿನೊಳಗಿನ ಸೆಟ್ಟಿಂಗ್ ಯಾರಿಗೂ ಸಿಗುವುದಿಲ್ಲ. ಖಂಡೇಪೂಜೆಗೆ (ಆಯುಧಪೂಜೆ) ಹೇಗೂ ಎಲ್ಲ ಸಾಮಾನು ಇಳಿಸಿ ಒರೆಸುತ್ತೀರಿ. ಅವತ್ತೇ ಎಸ್‌ಪಿಡಿಯ ಕಿಟಕಿಯ ಬಣ್ಣ ನೋಡಿ, ಅರ್ಥ್ ಪಟ್ಟಿಯ ನಟ್ಟುಗಳನ್ನು ಎಲೆಕ್ಟ್ರಿಷಿಯನ್ನರಿಂದ ಬಿಗಿ ಮಾಡಿಸಿ.

ಜಮಖಂಡಿಯ ಆ ಸಂಘದಲ್ಲಿ ಈಗ ಕ್ಯಾಮೆರಾ ಸ್ವಿಚ್ ಬೇರೆ ಇದೆ. ಎರಡು ಅರ್ಥ್ ಗುಂಡಿಗಳನ್ನು ಒಂದಕ್ಕೊಂದು ಕೂಡಿಸಿದ್ದೇವೆ. ಬೇಸಿಗೆಯಲ್ಲಿ ಪ್ರತಿ ಸೋಮವಾರ ಬಾಗಿಲು ತೆರೆದ ಕೂಡಲೇ ಸಿಪಾಯಿ ಎರಡೂ ಗುಂಡಿಗೆ ಎರಡೆರಡು ಕೊಡ ನೀರು ಹಾಕುತ್ತಾರೆ, ರ‍್ಯಾಕಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ತಾರೀಖು ಬರೆದು ಸಹಿ ಮಾಡುತ್ತಾರೆ. ಅದರ ಕೆಳಗೆ ಪ್ರತಿ ಏಪ್ರಿಲಿನಲ್ಲಿ ಅಳೆದ ಓಮ್ ಎಷ್ಟು ಅಂತ ನಾನು ಬರೆಯುತ್ತೇನೆ.